ಹೊಸೂರಾ, ಬಿಡದಿನಾ, ದೊಡ್ಡಬಳ್ಳಾಪುರನಾ? ಬೆಂಗಳೂರಿನ ಸುತ್ತಲ ಕಾರ್ಖಾನೆ ಊರಲ್ಲಿ ಮನೆ ಮಾಡೋ ಮುಂಚೆ

ಮೂರು ತಿಂಗಳಲ್ಲಿ ಮೂರು ಜನ ಹೆಚ್ಚೂಕಮ್ಮಿ ಒಂದೇ ಪ್ರಶ್ನೆ ಕೇಳಿದರು. ಒಬ್ಬರಿಗೆ ಹೊಸೂರಿನಲ್ಲಿ ಕೆಲಸ ಸಿಕ್ಕಿದೆ, ಹೆಂಡತಿ ಎಲೆಕ್ಟ್ರಾನಿಕ್ ಸಿಟಿಗೆ ಹೋಗುತ್ತಾರೆ, ಮಗಳು ಮೂರನೇ ಕ್ಲಾಸು. ಇನ್ನೊಬ್ಬರು ಐಟಿಐ ಮುಗಿಸಿದ ತಮ್ಮನನ್ನು ಬಿಡದಿಗೆ ಕಳಿಸಲೋ ದಾಬಸ್‌ಪೇಟೆಗೆ ಕಳಿಸಲೋ ಅಂತ ತಲೆ ಕೆಡಿಸಿಕೊಂಡಿದ್ದಾರೆ. ಮತ್ತೊಬ್ಬರು ರಿಟೈರ್ ಆದವರು. ಅವರಿಗೆ ಬೆಂಗಳೂರಿನ ಬಾಡಿಗೆ ಸಾಕಾಗಿದೆ, ಕೈಯಲ್ಲಿರೋ ದುಡ್ಡಿಗೆ ಎಲ್ಲಾದರೂ ಒಂದು 30-40 ಸೈಟು ಬರುತ್ತಾ ನೋಡ್ತಿದ್ದಾರೆ.

ನಾನು ಐದು ವರ್ಷ ಹೊಸೂರಿನಲ್ಲಿದ್ದೆ. ಈಗ ದೊಡ್ಡಬಳ್ಳಾಪುರದಲ್ಲಿದ್ದೇನೆ. ಅಕ್ಕ ಬಿಡದಿಯಲ್ಲಿದ್ದಾಳೆ. ಹಾಗಾಗಿ ಮೂರು ಊರಿನ ಗಾಳಿ, ನೀರು, ಬಸ್ ಸ್ಟ್ಯಾಂಡು ಎಲ್ಲ ಒಂದಷ್ಟು ಗೊತ್ತು. ಹೊಸೂರಿಗೆ ಹೋಗುವಾಗ ನಾನು ಮಾಡಿದ ದೊಡ್ಡ ತಪ್ಪು ಅಂದ್ರೆ ಫ್ಯಾಕ್ಟರಿ ಗೇಟಿಗೆ ಎಷ್ಟು ದೂರ ಅನ್ನೋದೊಂದನ್ನೇ ನೋಡಿ ಮನೆ ಹಿಡಿದದ್ದು. ಆರು ತಿಂಗಳಾದ ಮೇಲೆ ಹೆಂಡತಿ ಒಂದು ಮಾತು ಹೇಳಿದಳು: "ನೀನು ಈ ಊರಲ್ಲಿ ಇರೋದು ಮಲಗೋಕೆ. ನಾನು ಇರೋದು ಹಗಲೆಲ್ಲ." ಅಲ್ಲಿಂದಾಚೆಗೆ ಕಾರ್ಖಾನೆ ಊರನ್ನು ನಾನು ಕೆಲಸಕ್ಕೆ ಹೋಗೋರ ಕಣ್ಣಿಂದ ನೋಡೋದು ಬಿಟ್ಟೆ. ಮನೆಯಲ್ಲಿ ಉಳಿಯೋರು, ಸ್ಕೂಲಿಗೆ ಹೋಗೋರು, ಸಂಜೆ ತರಕಾರಿಗೆ ಹೋಗೋರು, ಅವರ ಕಣ್ಣಿಂದ ನೋಡಬೇಕು. ಫ್ಯಾಕ್ಟರಿಗೆ ಹೋಗೋರಿಗೆ ಹೇಗಿದ್ದರೂ ಕಂಪನಿ ಬಸ್ಸು ಬರುತ್ತೆ.

ಏನೇನು ನೋಡಬೇಕು

ಮೊದಲು ನೀರು. ಮಳೆಗಾಲದಲ್ಲಿ ಮನೆ ನೋಡಿದರೆ ಎಲ್ಲ ಊರೂ ಚೆನ್ನಾಗೇ ಕಾಣುತ್ತದೆ. ಆದರೆ ಏಪ್ರಿಲ್‌ನಲ್ಲಿ ನೋಡಿ. ಆಗಲ್ಲ ಅಂದ್ರೆ ಬೀದಿ ಕೊನೆಯ ಇಸ್ತ್ರಿ ಅಂಗಡಿಯವರನ್ನೋ ಹಾಲು ಹಾಕೋರನ್ನೋ ಕೇಳಿ, ಹೋದ ಬೇಸಿಗೆಯಲ್ಲಿ ಟ್ಯಾಂಕರ್ ಎಷ್ಟು ಸಲ ಬಂತು ಅಂತ. ಮನೆ ಮಾಲೀಕರನ್ನು ಕೇಳಬೇಡಿ, ಅವರ ಬೋರ್‌ವೆಲ್ ಯಾವತ್ತೂ ಬತ್ತಿರಲ್ಲ.

ಎರಡನೆಯದು ರಾತ್ರಿ ವಾಪಸ್ ಬರುವ ದಾರಿ. ಬೆಳಗ್ಗೆ ಬೆಂಗಳೂರಿಗೆ ಹೋಗೋಕೆ ಎಲ್ಲ ಕಡೆಯಿಂದಲೂ ಬಸ್ಸಿದೆ. ಒಂಬತ್ತೂವರೆ ಮೇಲೆ ವಾಪಸ್ ಬರೋಕೆ ಏನಿದೆ ಅನ್ನೋದೇ ಪ್ರಶ್ನೆ. ಮನೆಯಲ್ಲಿ ಇಬ್ಬರೂ ಕೆಲಸಕ್ಕೆ ಹೋಗುವವರಾದರೆ, ಅದರಲ್ಲಿ ಒಬ್ಬರದು ಬೆಂಗಳೂರಿನ ಒಳಗೆ ಇದ್ದರೆ, ಬಾಡಿಗೆಗಿಂತ ಇದು ದೊಡ್ಡ ವಿಷಯ.

ಮೂರನೆಯದು ಸ್ಕೂಲು, ಅದರ ಭಾಷೆ, ಮುಂದಿನ ಕಾಲೇಜು. ನಾಲ್ಕನೆಯದು ಗಾಳಿ, ಅಂದ್ರೆ ವಾಸನೆ. ಐದನೆಯದು ಕಾಗದಪತ್ರ. ಇದು ಸೈಟು ಕೊಳ್ಳೋರಿಗೆ ಮಾತ್ರ, ಬಾಡಿಗೆಯವರು ಬಿಟ್ಟುಬಿಡಿ. ಬಾಡಿಗೆಯನ್ನು ಬೇರೆ ಲೆಕ್ಕ ಅಂತ ಹೇಳ್ತಿಲ್ಲ ನಾನು. ಬಾಡಿಗೆ, ಬಸ್ಸು ಅಥವಾ ಪೆಟ್ರೋಲು, ಟ್ಯಾಂಕರ್ ನೀರು, ಸ್ಕೂಲ್ ವ್ಯಾನು, ಈ ನಾಲ್ಕನ್ನೂ ಕೂಡಿಸಿ ಒಂದೇ ಸಂಖ್ಯೆ ಮಾಡಿ. ಬಾಡಿಗೆ ಕಡಿಮೆ ಅಂತ ಹೋದ ಮನೆ ಆ ಮೊತ್ತದಲ್ಲಿ ದುಬಾರಿಯಾಗಿ ಬಿಡೋದು ನಾನೇ ಕಂಡಿದ್ದೇನೆ.

ವಾಸನೆ ವಿಷಯಕ್ಕೆ ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ, ಯಾಕಂದ್ರೆ ಇದು ಮೂರು ಊರಿಗೂ ಸೇರಿದ್ದು. ಬೆಂಗಳೂರು ತನ್ನ ಕೊಳೆಯನ್ನು ಸುತ್ತಲ ಊರುಗಳಿಗೆ ಹಂಚಿಬಿಟ್ಟಿದೆ. ವೃಷಭಾವತಿಯ ನೀರು ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ ಬರುತ್ತದೆ. ಬೆಳ್ಳಂದೂರು, ವರ್ತೂರು ಕೆರೆಗಳ ನೀರು ದಕ್ಷಿಣ ಪಿನಾಕಿನಿ ಸೇರಿ ಹೊಸೂರು ಪಕ್ಕದ ಕೆಲವರಪಳ್ಳಿ ಅಣೆಕಟ್ಟೆಯಲ್ಲಿ ನೊರೆ ಎಬ್ಬಿಸುತ್ತದೆ. ದೊಡ್ಡಬಳ್ಳಾಪುರ ತಾಲ್ಲೂಕಿಗೆ ಕಸ ಲಾರಿಯಲ್ಲೇ ಬರುತ್ತದೆ, ಚಿಗರೇನಹಳ್ಳಿ ಸುತ್ತಲಿನ ಜನ ಅದರ ವಿರುದ್ಧ ವರ್ಷಗಟ್ಟಲೆ ಧರಣಿ ಕೂತಿದ್ದಾರೆ. ಹಾಗಾಗಿ "ಅಲ್ಲಿ ಪರಿಸರ ಚೆನ್ನಾಗಿದೆ" ಅಂತ ಯಾರಾದರೂ ಹೇಳಿದರೆ ಯಾವ ಬಡಾವಣೆ, ಯಾವ ದಿಕ್ಕು ಅಂತ ಕೇಳಿ. ಒಂದೇ ಊರಿನ ಒಂದು ಮೂಲೆಗೂ ಇನ್ನೊಂದು ಮೂಲೆಗೂ ಅಜಗಜಾಂತರ. ರಾತ್ರಿ ಹತ್ತಕ್ಕೆ ಒಂದು ಸಲ, ಬೆಳಗಿನ ಜಾವ ಒಂದು ಸಲ ಹೋಗಿ ನಿಂತು ಮೂಗಲ್ಲೇ ನೋಡಿ.

ಹೊಸೂರು

ಮೂರರಲ್ಲಿ ನಿಜವಾಗಿ ನಗರ ಅಂತ ಅನ್ನಿಸೋದು ಇದೇ. 2019ರಲ್ಲಿ ಮಹಾನಗರ ಪಾಲಿಕೆ ಆಯಿತು. ಬೆಂಗಳೂರಿಂದ ಸುಮಾರು 40 ಕಿಲೋಮೀಟರು, ಆದರೆ ಇರೋದು ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯಲ್ಲಿ. ಹೆಸರು ಮಾತ್ರ ಅಪ್ಪಟ ಕನ್ನಡ, ಹೊಸ ಊರು. ಪೇಟೆಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ನಡೆಯುತ್ತದೆ. ಚಂದ್ರಚೂಡೇಶ್ವರ ಬೆಟ್ಟದ ಮೆಟ್ಟಿಲು ಹತ್ತುವಾಗ ಮೂರು ಭಾಷೆಯಲ್ಲೂ ಮೊಣಕಾಲು ನೋವಿನ ಮಾತು ಕೇಳಿಸುತ್ತದೆ. ರಾಜಾಜಿ ಹುಟ್ಟಿದ ತೊರಪಳ್ಳಿ ಇಲ್ಲೇ ಪಕ್ಕದಲ್ಲಿದೆ.

ಕೆಲಸದ ಲೆಕ್ಕದಲ್ಲಿ ಇದನ್ನು ಮೀರಿಸೋ ಊರು ಸುತ್ತಲೂ ಇಲ್ಲ. 70ರ ದಶಕದಲ್ಲಿ ಸಿಪ್ಕಾಟ್, ಅಂದ್ರೆ ತಮಿಳುನಾಡು ಸರ್ಕಾರದ ಕೈಗಾರಿಕಾ ಪ್ರದೇಶ ಬಂತು, ಆಮೇಲೆ ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟನ್, ಈಚೆಗೆ ಎಥರ್, ಟಾಟಾ ಎಲೆಕ್ಟ್ರಾನಿಕ್ಸ್. ಇವುಗಳ ಹಿಂದೆ ಬಿಡಿಭಾಗ ಮಾಡುವ ನೂರಾರು ಸಣ್ಣ ಘಟಕಗಳಿವೆ. ಇದರ ಅರ್ಥ ಏನಂದ್ರೆ, ಒಂದು ಕಡೆ ಕೆಲಸ ಬಿಟ್ಟರೆ ಊರು ಬಿಡಬೇಕಾಗಿಲ್ಲ. ಟೂಲ್ ರೂಮು, ಸಿಎನ್‌ಸಿ, ಕ್ವಾಲಿಟಿ ಕೆಲಸ ಗೊತ್ತಿದ್ದವರು ಬೀದಿ ದಾಟಿ ಇನ್ನೊಂದು ಗೇಟಿಗೆ ಹೋಗಬಹುದು. ನಾನೇ ಐದು ವರ್ಷದಲ್ಲಿ ಎರಡು ಸಲ ಹಾಗೆ ಬದಲಾಯಿಸಿದೆ.

ಮನೆಯೂ ಎಲ್ಲ ಬಜೆಟ್ಟಿಗೂ ಸಿಗುತ್ತದೆ. ಒಂದೇ ರೂಮಿನ ಶೀಟಿನ ಮನೆಯಿಂದ ಹಿಡಿದು ಲಿಫ್ಟು, ಈಜುಕೊಳ ಇರೋ ಅಪಾರ್ಟ್‌ಮೆಂಟಿನವರೆಗೆ. ನೀರಿಗೆ ಹೊಗೇನಕಲ್ ಯೋಜನೆಯ ಆಸರೆ ಇದೆ. 2013ರಲ್ಲಿ ಶುರುವಾದ ಆ ಯೋಜನೆಯ ಹೆಸರಿನಲ್ಲೇ ಫ್ಲೋರೋಸಿಸ್ (ನೀರಿನ ಫ್ಲೋರೈಡ್‌ನಿಂದ ಹಲ್ಲು, ಮೂಳೆಗೆ ಬರೋ ಕಾಯಿಲೆ) ತಡೆ ಅಂತಿದೆ. ಅಂದ್ರೆ ಈ ಕಡೆಯ ಬೋರ್ ನೀರು ಎಂಥದ್ದು ಅಂತ ಬೇರೆ ಹೇಳಬೇಕಾಗಿಲ್ಲ. ಕುಡಿಯೋಕೆ ಪೈಪಿನ ನೀರು ಬರೋ ಬೀದಿಯನ್ನೇ ಹುಡುಕಿ.

ಈಗ ತಕರಾರಿಗೆ ಬರೋಣ. ಗಡಿ ಅನ್ನೋದು ನಕ್ಷೆಯಲ್ಲಿ ಒಂದು ಗೆರೆ ಮಾತ್ರ, ಆದರೆ ದಿನದ ಬದುಕಿನಲ್ಲಿ ಹತ್ತು ಕಡೆ ಎಡವಿಸುತ್ತದೆ. ಕೆಎ ನಂಬರಿನ ಗಾಡಿಯನ್ನು 12 ತಿಂಗಳಿಗಿಂತ ಜಾಸ್ತಿ ಅಲ್ಲಿ ಇಟ್ಟುಕೊಂಡರೆ ಕಾನೂನಿನ ಪ್ರಕಾರ ಅಲ್ಲಿನ ನಂಬರು ಹಾಕಿಸಬೇಕು, ಅಂದ್ರೆ ಅಲ್ಲಿನ ತೆರಿಗೆ ಕಟ್ಟಬೇಕು. ಹೆಂಗಸರಿಗೆ ಬಸ್ಸು ಎರಡೂ ಕಡೆ ಉಚಿತ, ಆದರೆ ಗಡಿಯ ಎರಡು ಬದಿಗೆ ಎರಡು ಯೋಜನೆ. ನಮ್ಮ ಕಡೆ ಶಕ್ತಿ, 2023ರ ಜೂನ್‌ನಿಂದ. ಅದು ರಾಜ್ಯದ ಒಳಗೆ ಓಡುವ ಬಸ್ಸಿಗೆ ಮಾತ್ರ, ಅಂತರರಾಜ್ಯ ಬಸ್ಸಿಗೆ ನಡೆಯಲ್ಲ, ಕರ್ನಾಟಕದ ವಿಳಾಸದ ಗುರುತಿನ ಚೀಟಿಯೂ ಬೇಕು. ತಮಿಳುನಾಡಿನಲ್ಲಿ ಸಾಧಾರಣ ಟೌನ್ ಬಸ್ಸಿಗೆ 2021ರಿಂದ ಟಿಕೆಟ್ಟಿಲ್ಲ. ಗೊತ್ತಿರೋರು ಅತ್ತಿಬೆಲೆಯಲ್ಲಿ ಇಳಿದು ಬಸ್ಸು ಬದಲಾಯಿಸುತ್ತಾರೆ. ಅವಸರದ ದಿನ ಯಾರೂ ಹಾಗೆ ಮಾಡಲ್ಲ.

ಇವೆಲ್ಲ ಸಣ್ಣವು, ಹೊಂದಿಕೊಳ್ಳಬಹುದು. ದೊಡ್ಡದು ಮಕ್ಕಳ ಓದು. ತಮಿಳುನಾಡಿನಲ್ಲಿ 2006ರ ಕಾಯ್ದೆಯಿಂದ ತಮಿಳು ಕಲಿಕೆ ಕಡ್ಡಾಯ. ಒಂದನೇ ಕ್ಲಾಸಿಗೇ ಸೇರೋ ಮಗುವಿಗೆ ಅದು ಕಷ್ಟವಲ್ಲ, ಒಂದು ಭಾಷೆ ಜಾಸ್ತಿ ಬಂದರೆ ಲಾಭವೇ. ಆದರೆ ಆರನೇ ಕ್ಲಾಸಿನ ಹುಡುಗನನ್ನು ಕರೆದುಕೊಂಡು ಹೋಗಿ ಸೇರಿಸೋದು ಬೇರೆ ಮಾತು. ಇನ್ನೂ ದೊಡ್ಡದು ಸಿಇಟಿ. ಕರ್ನಾಟಕದ ವೃತ್ತಿ ಕೋರ್ಸುಗಳ ಸರ್ಕಾರಿ ಸೀಟಿಗೆ ಸಾಮಾನ್ಯ ನಿಯಮ ಅಂದ್ರೆ ಕರ್ನಾಟಕದಲ್ಲಿ ಏಳು ವರ್ಷ ಓದಿರಬೇಕು. ಬೇರೆ ಕಲಂಗಳೂ ಇವೆ, ಕೆಲವರಿಗೆ ಅವು ಅನ್ವಯಿಸುತ್ತವೆ, ಆದರೆ ಅದನ್ನು ಈಗಲೇ ಓದಿ ನೋಡಿಕೊಳ್ಳಬೇಕು, ಪಿಯುಸಿ ರಿಸಲ್ಟ್ ಬಂದ ದಿನ ಅಲ್ಲ. ನಮ್ಮ ಬೀದಿಯ ಒಂದು ಮನೆಯವರು ಮಗಳು ಹತ್ತನೇ ಕ್ಲಾಸಿಗೆ ಬಂದಾಗ ಈ ಲೆಕ್ಕ ಹಾಕೋಕೆ ಕೂತರು. ವರ್ಷಗಳನ್ನು ಬೆರಳಲ್ಲಿ ಎಣಿಸಿ, ಇನ್ನೊಂದು ಸಲ ಎಣಿಸಿ, ಸುಮ್ನೆ ಎದ್ದುಹೋದರು.

ರಾತ್ರಿ ದಾರಿ ಮಟ್ಟಿಗೆ ಹೊಸೂರು ಗಟ್ಟಿ. 44ನೇ ಹೆದ್ದಾರಿಯಲ್ಲಿ ಸೇಲಂ, ಕೃಷ್ಣಗಿರಿ ಕಡೆಯ ಬಸ್ಸು ಸರಿರಾತ್ರಿಯಲ್ಲೂ ಸಿಗುತ್ತದೆ. 2025ರ ಆಗಸ್ಟ್‌ನಲ್ಲಿ ಹಳದಿ ಮೆಟ್ರೋ ಆರ್‌ವಿ ರಸ್ತೆಯಿಂದ ಬೊಮ್ಮಸಂದ್ರದವರೆಗೆ ಬಂದ ಮೇಲೆ ಸಿಲ್ಕ್ ಬೋರ್ಡಿನಲ್ಲಿ ಕಳೆಯೋ ಅರ್ಧ ಆಯಸ್ಸು ಉಳಿಯುತ್ತಿದೆ. ಆದರೆ ಮೆಟ್ರೋ ಹೊಸೂರಿಗೇ ಬರುತ್ತೆ, ಏರ್‌ಪೋರ್ಟ್ ಬರುತ್ತೆ ಅಂತ ಬ್ರೋಕರ್ ಹೇಳಿದರೆ ಆ ಮಾತಿಗೆ ಇವತ್ತು ದುಡ್ಡು ಕೊಡಬೇಡಿ. ಏರ್‌ಪೋರ್ಟ್ ಮಾಡ್ತೀವಿ ಅಂತ ತಮಿಳುನಾಡು ಸರ್ಕಾರ 2024ರಲ್ಲಿ ಘೋಷಿಸಿದ್ದು ನಿಜ, ಆದರೆ ಬೆಂಗಳೂರು ವಿಮಾನ ನಿಲ್ದಾಣದ ಒಪ್ಪಂದದಲ್ಲಿ 150 ಕಿಲೋಮೀಟರ್ ಒಳಗೆ 2033ರವರೆಗೆ ಇನ್ನೊಂದು ಬರಬಾರದು ಅನ್ನೋ ಷರತ್ತೂ ಇದೆ.

ಸೈಟು ಕೊಳ್ಳೋರಿಗೆ: ಇ-ಖಾತಾ, ಫಾರಂ 9-11 ಅಂತ ನೀವು ಇಲ್ಲಿ ಕಲಿತದ್ದು ಅಲ್ಲಿ ನಡೆಯಲ್ಲ. ಅಲ್ಲಿ ಪಟ್ಟಾ (ಜಮೀನು ಯಾರ ಹೆಸರಲ್ಲಿದೆ ಅನ್ನೋ ಸರ್ಕಾರಿ ದಾಖಲೆ), ಡಿಟಿಸಿಪಿ (ಅಲ್ಲಿನ ನಗರ ಯೋಜನಾ ಇಲಾಖೆ) ಒಪ್ಪಿಗೆ ನೋಡಬೇಕು. ಕಾಗದವೆಲ್ಲ ತಮಿಳಿನಲ್ಲಿ. ಅಲ್ಲಿನ ವಕೀಲರೊಬ್ಬರಿಗೆ ಫೀಸು ಕೊಟ್ಟು ಓದಿಸಿ. ಮಾರುವವರೇ ಕರೆತಂದ ವಕೀಲರು ಬೇಡ.

ಗಡಿಯ ಈಚೆ ಅತ್ತಿಬೆಲೆ, ಚಂದಾಪುರ ಅಂತ ಎರಡು ಊರಿವೆ. ಅವುಗಳಿಗೆ ಬೇರೆ ತಲೆಬರಹ ಬೇಕಾಗಿಲ್ಲ. ಗದ್ದಲ, ಧೂಳು, ಚಂದಾಪುರ ಕೆರೆಯ ಅವಸ್ಥೆ ನೋಡಿದರೆ ಮನಸ್ಸು ಒಪ್ಪಲ್ಲ. ಆದರೆ ಆನೇಕಲ್ ತಾಲ್ಲೂಕು, ಬೆಂಗಳೂರು ನಗರ ಜಿಲ್ಲೆ, ಬಿಎಂಟಿಸಿ ಬಸ್ಸು, ಕರ್ನಾಟಕದ ಸ್ಕೂಲು, ಹೊಸೂರಿನ ಕೆಲಸ, ಎಲ್ಲ ಒಟ್ಟಿಗೆ ಸಿಗೋದು ಇಲ್ಲಿ ಮಾತ್ರ.

ಬಿಡದಿ

ಬಿಡದಿ ಅಂದ್ರೆ ತಟ್ಟೆ ಇಡ್ಲಿ, ಆಮೇಲೆ ಟೊಯೋಟಾ. 1999ರ ಕೊನೆಯಲ್ಲಿ ಕ್ವಾಲಿಸ್ ಗಾಡಿಯಿಂದ ಶುರುವಾದ ಕಾರ್ಖಾನೆ ಈ ಊರಿನ ದಿಕ್ಕನ್ನೇ ಬದಲಿಸಿತು. ಬಾಷ್, ಕೋಕಾಕೋಲಾ ಇವೆ, ವಂಡರ್‌ಲಾ ಇದೆ, ಸುತ್ತ ಬಿಡಿಭಾಗದ ಘಟಕಗಳಿವೆ. ಆದರೆ ಹೊಸೂರಿನ ಥರ ಹತ್ತು ದೊಡ್ಡ ಹೆಸರಿಲ್ಲ. ಇಡೀ ಊರಿನ ಉಸಿರು ಒಂದು ಕಂಪನಿಯ ಜೊತೆ ಏರಿಳಿಯುತ್ತದೆ. ಕಾರಿನ ಮಾರಾಟ ಮಂಕಾದರೆ ತರಕಾರಿ ಅಂಗಡಿಯವರಿಗೂ ಗೊತ್ತಾಗುತ್ತದೆ.

ಇದರ ದೊಡ್ಡ ಬಲ ರೈಲು. ಬೆಂಗಳೂರು–ಮೈಸೂರು ಮಾರ್ಗ ಜೋಡಿ ಹಳಿ, ವಿದ್ಯುತ್ ರೈಲು. ಬಿಡದಿ, ಹೆಜ್ಜಾಲ, ಕೆಂಗೇರಿ, ಆಮೇಲೆ ನೇರ ಮೆಜೆಸ್ಟಿಕ್ ಹತ್ತಿರದ ಸಿಟಿ ಸ್ಟೇಷನ್. ತಿಂಗಳ ಪಾಸು ಮಾಡಿಸಿಕೊಂಡರೆ ಇಷ್ಟು ಅಗ್ಗವಾಗಿ ಬೆಂಗಳೂರಿಗೆ ಹೋಗಿ ಬರೋ ದಾರಿ ಈ ಪಟ್ಟಿಯಲ್ಲಿ ಬೇರೆ ಇಲ್ಲ. ಅಕ್ಕ ಹನ್ನೊಂದು ವರ್ಷದಿಂದ ಹಾಗೇ ಓಡಾಡುತ್ತಿದ್ದಾಳೆ, ರೈಲಿನಲ್ಲೇ ಸೊಪ್ಪು ಬಿಡಿಸಿಕೊಂಡು ಬರುತ್ತಾಳೆ. ನೇರಳೆ ಮೆಟ್ರೋ ಚಲ್ಲಘಟ್ಟದವರೆಗೆ ಬಂದಿದೆ, ಅಲ್ಲಿವರೆಗೆ ಬಸ್ಸಿನಲ್ಲಿ ಹೋದರೂ ಆಯಿತು.

ರಸ್ತೆ ಕಥೆ ಬೇರೆ. 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಶುರುವಾದಾಗ ಎಲ್ಲರೂ ಕುಣಿದರು. ಆಗಸ್ಟ್ ಒಂದರಿಂದ ಬೈಕು, ಆಟೋಗಳಿಗೆ ಮುಖ್ಯ ರಸ್ತೆ ಬಂದ್. ಕಾರಿದ್ದವರಿಗೆ ಟೋಲು, ಬೈಕಿನವರಿಗೆ ಸರ್ವಿಸ್ ರಸ್ತೆ. ಫ್ಯಾಕ್ಟರಿ ಕೆಲಸಗಾರರಲ್ಲಿ ಕಾರಿರೋರು ಎಷ್ಟು ಜನ ಅಂತ ನೀವೇ ಯೋಚಿಸಿ. ಒಳ್ಳೆಯದು ಒಂದಾಯಿತು, ಬೈಪಾಸ್ ಆದ ಮೇಲೆ ಹಳೇ ಹೆದ್ದಾರಿಯಲ್ಲಿ ರಸ್ತೆ ದಾಟೋಕೆ ದೇವರನ್ನು ನೆನೆಯಬೇಕಾಗಿಲ್ಲ. ಇಡ್ಲಿ ಹೋಟೆಲಿನವರಿಗೆ ಮಾತ್ರ ಹೊಡೆತ ಬಿತ್ತು.

ಸೈಟು ಕೊಳ್ಳೋರು ಬಿಡದಿಯಲ್ಲಿ ಅತಿ ಜಾಗ್ರತೆಯಾಗಿರಬೇಕು. ಟೌನ್‌ಶಿಪ್ ಯೋಜನೆಗೆ ಬೈರಮಂಗಲ, ಕಂಚುಗಾರನಹಳ್ಳಿ ಕಡೆ ಭೂಸ್ವಾಧೀನದ ವಿಚಾರಕ್ಕೆ ರೈತರು ಬೀದಿಗೆ ಇಳಿದಿದ್ದಾರೆ. ಆ ಗೆರೆಯ ಒಳಗಿರೋ ಜಮೀನಿನಲ್ಲಿ "ಅಗ್ಗದ ಸೈಟು" ಅಂತ ಬಂದರೆ ಸರ್ವೆ ನಂಬರು ಹಿಡಿದು ವಿಚಾರಿಸದೆ ಅಡ್ವಾನ್ಸ್ ಕೊಡಬೇಡಿ. ರಾಮನಗರ ಜಿಲ್ಲೆ 2025ರಲ್ಲಿ ಬೆಂಗಳೂರು ದಕ್ಷಿಣ ಅಂತಾಯಿತು, ಅದನ್ನೇ ತೋರಿಸಿ ರೇಟು ಏರಿಸೋರೂ ಇದ್ದಾರೆ. ಬೋರ್ಡು ಬದಲಾದರೆ ನಲ್ಲಿಯಲ್ಲಿ ನೀರು ಬರಲ್ಲ.

ಆಸ್ಪತ್ರೆ, ಕಾಲೇಜಿಗೆ ಕೆಂಗೇರಿಗೋ ರಾಮನಗರಕ್ಕೋ ಹೋಗಲೇಬೇಕು. ಸಣ್ಣ ಊರು, ಸಂಜೆ ಎಂಟಕ್ಕೆ ಮಲಗುತ್ತದೆ. ನನ್ನ ಅಕ್ಕನಿಗೆ ಅದೇ ಇಷ್ಟ.

ದೊಡ್ಡಬಳ್ಳಾಪುರ

ಇದು ಕಾರ್ಖಾನೆ ಬಂದು ಹುಟ್ಟಿದ ಊರಲ್ಲ. ಮೊದಲೇ ಊರಿತ್ತು, ಮಗ್ಗ ಇತ್ತು, ಆಮೇಲೆ ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶ, ಅಪೆರಲ್ ಪಾರ್ಕ್ ಬಂದವು. ಈ ವ್ಯತ್ಯಾಸ ಮನೆಯಲ್ಲಿ ಉಳಿಯೋರಿಗೆ ಎದ್ದು ಕಾಣುತ್ತದೆ. ಹಳೇ ಪೇಟೆ, ಸಂತೆ, ಜಾತ್ರೆ, ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ, ಪರಿಚಯದ ಅಂಗಡಿ, ಸಾಲ ಬರೆದುಕೊಳ್ಳೋ ದಿನಸಿಯವರು. ಹೊಸಬರು ಅಂತ ದೂರ ಇಡಲ್ಲ. ನೇಕಾರರಲ್ಲೂ ಎಷ್ಟೋ ಮನೆಯವರು ಬೇರೆ ಕಡೆಯಿಂದ ಬಂದು ನೆಲೆಸಿದವರೇ.

ಮಗ್ಗದ ಬೀದಿಯಲ್ಲಿ ಬಾಡಿಗೆ ಕಡಿಮೆ. ಕಾರಣ, ಹಗಲೂ ರಾತ್ರಿ ಪವರ್‌ಲೂಮ್ ಸದ್ದು. ಗೋಡೆ ಸಣ್ಣಗೆ ನಡುಗುತ್ತದೆ, ತಟ್ಟೆ ಸ್ಟ್ಯಾಂಡಿನ ಲೋಟ ಗುನುಗುತ್ತದೆ. ಮೊದಲ ವಾರ ಹುಚ್ಚು ಹಿಡಿಯುತ್ತದೆ, ಎರಡನೇ ತಿಂಗಳಲ್ಲಿ ಕರೆಂಟು ಹೋಗಿ ಸದ್ದು ನಿಂತರೆ ಎಚ್ಚರ ಆಗುತ್ತದೆ. ಆದರೆ ನೈಟ್ ಶಿಫ್ಟ್ ಮಾಡಿ ಹಗಲು ಮಲಗೋರಿಗೆ, ಹಸುಗೂಸು ಇರೋರಿಗೆ ಬೇಡವೇ ಬೇಡ.

ಕೆಲಸ ಗಾರ್ಮೆಂಟ್ಸ್‌ನಲ್ಲಿ ಜಾಸ್ತಿ, ಅದರಲ್ಲೂ ಹೆಣ್ಣುಮಕ್ಕಳಿಗೆ. ಈಗ ದೇವನಹಳ್ಳಿ ಕಡೆ ಫಾಕ್ಸ್‌ಕಾನ್ ಐಫೋನ್ ಘಟಕ 2025ರಲ್ಲಿ ಕೆಲಸ ಶುರುಮಾಡಿದ ಮೇಲೆ ಆ ದಿಕ್ಕಿನ ಎಲ್ಲ ಹಳ್ಳಿಯ ಬಾಡಿಗೆಯೂ ಮೇಲಕ್ಕೆ ನೋಡುತ್ತಿದೆ. ಇಬ್ಬರೂ ದುಡಿಯೋ ಮನೆಗೆ, ಒಬ್ಬರು ಏರ್‌ಪೋರ್ಟ್ ಕಡೆ, ಒಬ್ಬರು ಬಾಶೆಟ್ಟಿಹಳ್ಳಿ ಕಡೆ ಅಂದ್ರೆ, ಇದಕ್ಕಿಂತ ಒಳ್ಳೆ ಜಾಗ ಕಾಣೆ. ಸ್ಯಾಟಲೈಟ್ ರಿಂಗ್ ರೋಡು ದಾಬಸ್‌ಪೇಟೆಯನ್ನೂ ದೇವನಹಳ್ಳಿ, ಹೊಸಕೋಟೆಗಳನ್ನೂ ಈ ಊರಿಗೆ ಪೋಣಿಸಿರೋದು ಇನ್ನೊಂದು ಅನುಕೂಲ.

ದೌರ್ಬಲ್ಯ ನೀರು. ಹರಿಯೋ ನದಿ ಇಲ್ಲ. ಅರ್ಕಾವತಿ ನಂದಿಬೆಟ್ಟದಲ್ಲಿ ಹುಟ್ಟಿ ಈ ದಾರಿಯಲ್ಲೇ ಹೋಗುತ್ತದೆ ಅಂತ ಪುಸ್ತಕದಲ್ಲಿದೆ, ನೋಡೋಕೆ ಮಳೆ ಬರಬೇಕು. ಜಕ್ಕಲಮಡಗು ಜಲಾಶಯದ ನೀರು ಚಿಕ್ಕಬಳ್ಳಾಪುರದ ಜೊತೆ ಹಂಚಿಕೊಳ್ಳಬೇಕು, ಉಳಿದದ್ದು ಬೋರ್‌ವೆಲ್. ಕೈಗಾರಿಕಾ ಪ್ರದೇಶದ ಕೆಳಗಿರೋ ದೊಡ್ಡತುಮಕೂರು, ಮಜರಾಹೊಸಹಳ್ಳಿ ಕೆರೆಗಳು ಕೊಳಚೆ ನೀರಿಂದ ಹಾಳಾಗಿ ಅಲ್ಲಿನ ಜನ ಹೋರಾಟವನ್ನೇ ಮಾಡಬೇಕಾಯಿತು. ಆ ಕಡೆ ಬೋರ್ ನೀರಿನ ಮನೆ ಹಿಡಿಯೋ ಮುಂಚೆ ಒಂದು ಬಾಟಲಿ ನೀರು ಪರೀಕ್ಷೆಗೆ ಕೊಡಿ. ನಾನು ಎರಡು ಮನೆ ಬಿಟ್ಟದ್ದು ಅದೇ ಕಾರಣಕ್ಕೆ.

ಬೆಂಗಳೂರಿಗೆ ಯಲಹಂಕದ ಮೇಲೆ ಬಿಎಂಟಿಸಿ ಬಸ್ಸಿದೆ, ಶಕ್ತಿ ನಡೆಯುತ್ತದೆ. ರೈಲಿದೆ, ಆದರೆ ಬಿಡದಿಯಷ್ಟು ನೆಚ್ಚಿಕೊಳ್ಳೋ ಹಾಗಿಲ್ಲ. ರಾಜಾನುಕುಂಟೆಗೆ ಉಪನಗರ ರೈಲಿನ ಕನಕ ಮಾರ್ಗ ಬರಬೇಕು, ಅದನ್ನು ಬಂದ ದಿನ ಲೆಕ್ಕಕ್ಕೆ ತಗೊಳ್ಳೋಣ.

ಉಳಿದವು, ಬೇಗ ಬೇಗ

ದಾಬಸ್‌ಪೇಟೆ ಕೆಲಸಕ್ಕೆ ಸರಿ, ಸಂಸಾರಕ್ಕೆ ಇನ್ನೂ ಅಲ್ಲ. ಸೋಂಪುರ ಕೈಗಾರಿಕಾ ಪ್ರದೇಶ ದೊಡ್ಡದು, ಊರು ಚಿಕ್ಕದು. ಒಂಟಿ ಹುಡುಗರು ರೂಮು ಹಂಚಿಕೊಂಡು ಇರಬಹುದು, ಭಾನುವಾರ ಶಿವಗಂಗೆ ಹತ್ತಬಹುದು. ಸಂಸಾರ ಇದ್ದರೆ ತುಮಕೂರಿನಲ್ಲಿ ಮನೆ ಮಾಡಿ ಅಲ್ಲಿಂದ ಓಡಾಡಿ. ಅಲ್ಲಿ ಬುಗುಡನಹಳ್ಳಿ ಕೆರೆಗೆ ಹೇಮಾವತಿ ನೀರು ಬರುತ್ತದೆ, ಜಿಲ್ಲಾಸ್ಪತ್ರೆ ಇದೆ, ವಿಶ್ವವಿದ್ಯಾಲಯ ಇದೆ. ಬೆಂಗಳೂರಿಗೆ ಹೋಗಬೇಕಾದರೆ ಹಸಿರು ಮೆಟ್ರೋ 2024ರ ನವೆಂಬರ್‌ನಿಂದ ಮಾದಾವರದವರೆಗೆ ಬಂದಿದೆ.

ಕೋಲಾರದ ನರಸಾಪುರಕ್ಕೂ ಹೆಚ್ಚುಕಮ್ಮಿ ಇದೇ ಮಾತು. ಹೋಂಡಾ 2013ರಲ್ಲಿ ಬಂತು, ವಿಸ್ಟ್ರಾನ್ ಘಟಕವನ್ನು 2023ರಲ್ಲಿ ಟಾಟಾ ಕೊಂಡುಕೊಂಡಿತು. ಕೆಲಸ ಅಲ್ಲಿ ಮಾಡಿ, ಇರೋದು ಕೋಲಾರದಲ್ಲೋ ಹೊಸಕೋಟೆಯಲ್ಲೋ ಇರಲಿ.

ಎಲ್ಲ ಊರಿಗೂ ಅನ್ವಯಿಸೋ ಒಂದು ಕೆಲಸ ಇದೆ. ಆಫರ್ ಲೆಟರ್ ಜೊತೆ ಕಂಪನಿ ಬಸ್ಸಿನ ರೂಟು ಪಟ್ಟಿ ಕೇಳಿ, ಮೂರೂ ಶಿಫ್ಟಿನದು. ಮೊದಲ ಶಿಫ್ಟಿಗೆ ಹತ್ತು ಬಸ್ಸಿದ್ದು ಮೂರನೆಯದಕ್ಕೆ ಎರಡೇ ಇರುತ್ತದೆ. ಸಂಬಳ 21,000 ರೂಪಾಯಿ ಒಳಗಿದ್ದು ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಕಾರ್ಡು ಸಿಗೋದಾದರೆ, ಆ ಊರಲ್ಲಿ ಇಎಸ್‌ಐ ಡಿಸ್ಪೆನ್ಸರಿ ಎಲ್ಲಿದೆ, ದೊಡ್ಡ ಕಾಯಿಲೆಗೆ ಯಾವ ಆಸ್ಪತ್ರೆಗೆ ಕಳಿಸುತ್ತಾರೆ ಅನ್ನೋದನ್ನೂ ಕೇಳಿಟ್ಟುಕೊಳ್ಳಿ. ಹೊಸೂರಿನಲ್ಲಿ ನಮಗೆ ಇದು ಗೊತ್ತಾದದ್ದು ಮಗನಿಗೆ ಡೆಂಗಿ ಬಂದ ರಾತ್ರಿ.

ಈಗ ಆ ಮೂವರಿಗೆ. ಐಟಿಐ ತಮ್ಮನಿಗೆ, ಬಿಡದಿಯಲ್ಲಿ ದೊಡ್ಡ ಕಂಪನಿಯ ಅಪ್ರೆಂಟಿಸ್ ಸೀಟು ಸಿಗೋದಾದರೆ ಕಣ್ಣುಮುಚ್ಚಿ ಬಿಡದಿ. ಕಾಂಟ್ರಾಕ್ಟ್ ಕೆಲಸವೇ ಅನ್ನೋದಾದರೆ ಎರಡೂ ಬಿಟ್ಟು ಹೊಸೂರು ನೋಡಿ, ಅಲ್ಲಿ ಒಂದು ಬಾಗಿಲು ಮುಚ್ಚಿದರೆ ಇನ್ನೊಂದಿರುತ್ತದೆ, ಒಂಟಿ ಹುಡುಗನಿಗೆ ಗಡಿ ಅಷ್ಟು ಕಾಡಲ್ಲ. ರಿಟೈರ್ ಆದವರಿಗೆ ದೊಡ್ಡಬಳ್ಳಾಪುರ, ಹಳೇ ಊರಿಗೆ ನಡೆದು ಹೋಗುವಷ್ಟು ಹತ್ತಿರ, ಕೈಗಾರಿಕಾ ಪ್ರದೇಶದ ಮೇಲ್ಭಾಗದಲ್ಲಿ, ಯೋಜನಾ ಪ್ರಾಧಿಕಾರದ ಒಪ್ಪಿಗೆ ಇರೋ ಬಡಾವಣೆಯಲ್ಲಿ. ಸೈಟು ಚಿಕ್ಕದಾದರೂ ಪರವಾಗಿಲ್ಲ.

ಹೊಸೂರು ಮತ್ತು ಎಲೆಕ್ಟ್ರಾನಿಕ್ ಸಿಟಿಯ ದಂಪತಿಗೆ ಅತ್ತಿಬೆಲೆಯೇ ಸರಿ. ಮಗಳು ಮೂರನೇ ಕ್ಲಾಸು ಅಂದ್ರಿ, ಏಳು ವರ್ಷದ ಲೆಕ್ಕಕ್ಕೆ ಇನ್ನೂ ಸಮಯ ಇದೆ ಅನ್ನಿಸಬಹುದು, ಆದರೆ ಒಮ್ಮೆ ಸ್ಕೂಲು ಬದಲಾಯಿಸಿದ ಮೇಲೆ ಯಾರೂ ಮತ್ತೆ ಬದಲಾಯಿಸೋಕೆ ಮನಸ್ಸು ಮಾಡಲ್ಲ. ಸಾಧ್ಯವಾದರೆ ಮುಂದಿನ ಶನಿವಾರ ರಾತ್ರಿ ಹತ್ತಕ್ಕೆ ಮೂರೂ ಜನ ಅಲ್ಲಿಗೆ ಹೋಗಿ ಬನ್ನಿ. ಮನೆ ಆರಿಸೋದನ್ನು ಹೆಂಡತಿಗೆ ಬಿಡಿ.